ಹಾಡು ನಿಲ್ಲಿಸಿದ ನಾಯಕಿ: ‘ಬಂದಿನಿ’ಯ ಏಳು ಗೀತೆಗಳು

ಬಿಮಲ್ ರಾಯ್ ನಿರ್ದೇಶಿಸಿದ ‘ಬಂದಿನಿ’ (1963) ಹಿಂದಿ ಚಿತ್ರದಲ್ಲಿ ಏಳು ಹಾಡುಗಳಿವೆ. ಏಳೂ ಕಲ್ಯಾಣಿ ಎಂಬ ಒಬ್ಬ ಹೆಣ್ಣುಮಗಳ ಬಾಳನ್ನು ಸುತ್ತಿಕೊಂಡು ಹಬ್ಬಿದವು. ಆದರೆ ಕಲ್ಯಾಣಿ ತಾನಾಗಿ ಬಾಯಿತೆರೆದು ಹಾಡುವುದು ಎರಡನ್ನು ಮಾತ್ರ. ಮಿಕ್ಕ ಐದನ್ನು ಬೇರೆಯವರು ಹಾಡುತ್ತಾರೆ. ಸುಖ ಬಂದರೂ ಹಾಡು, ದುಃಖ ಬಂದರೂ ಹಾಡು ಎಂಬುದು ಹಿಂದಿ ಚಿತ್ರಗಳ ನಾಯಕಿಯರಿಗೆ ರೂಢಿಯ ಹಕ್ಕು. ಕಲ್ಯಾಣಿಯಷ್ಟು ದುಃಖವುಂಡ ನಾಯಕಿಯರು ಆ ಕಾಲದ ಚಿತ್ರಗಳಲ್ಲಿ ವಿರಳ. ಹೀಗಿದ್ದೂ ದುಃಖದ ಒಂದು ಹಾಡನ್ನೂ ಅವಳ ಬಾಯಿಗೆ ಕೊಡದೆ ಹೋದದ್ದೇಕೆ? ಈ ಗೀತೆಗಳ ರಸಗ್ರಹಣ ತೊಡಗಬೇಕಾದದ್ದು ಈ ಪ್ರಶ್ನೆಯಿಂದ.

ಚಿತ್ರಗೀತೆಯನ್ನು ಕಾವ್ಯವೆಂದು ಓದಬಹುದೆ ಎಂಬ ಸಂಕೋಚ ಕನ್ನಡ ಐಚ್ಛಿಕ ತರಗತಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಪಠ್ಯದಲ್ಲಿ ಕಾವ್ಯಮೀಮಾಂಸೆ ಓದುವ ವಿದ್ಯಾರ್ಥಿಗೆ ಈ ಸಂಕೋಚ ಬೇಕಿಲ್ಲ. ಒಂದು ಮಾತಿನ ವ್ಯಂಗ್ಯಾರ್ಥವನ್ನು ಹೊರಡಿಸುವ ಸಂಗತಿಗಳನ್ನು ಪಟ್ಟಿಮಾಡುವಾಗ ಮಮ್ಮಟನು ಮೊದಲಿಗೆ ಹೇಳುವುದು ವಕ್ತೃವನ್ನು, ಅಂದರೆ ಆಡುವವನನ್ನು. ಅನಂತರ ಬೋದ್ಧವ್ಯನನ್ನು, ಅಂದರೆ ಆ ಮಾತು ಯಾರನ್ನು ಕುರಿತದ್ದೋ ಅವನನ್ನು. ಕಾಕು, ಪ್ರಸ್ತಾವ, ದೇಶ, ಕಾಲಗಳೂ ಆ ಪಟ್ಟಿಯಲ್ಲಿವೆ. ಆನಂದವರ್ಧನನ ಪರಂಪರೆಯಲ್ಲಿ ಬರುವ ‘ಕವಿನಿಬದ್ಧವಕ್ತೃಪ್ರೌಢೋಕ್ತಿ’ ಎಂಬ ಉದ್ದನೆಯ ಪದವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆಯುವವರೇ ಹೆಚ್ಚು. ಕವಿ ತಾನೇ ಕಟ್ಟಿದ ಪಾತ್ರದ ಬಾಯಲ್ಲಿ ಇಡುವ ಕಲ್ಪಿತ ಉಕ್ತಿ ಎಂಬ ಅದರ ಅರ್ಥಕ್ಕೆ ಚಿತ್ರಗೀತೆಗಿಂತ ನೇರವಾದ ನಿದರ್ಶನ ಇಂದು ಸಿಗುವುದು ಕಷ್ಟ. ಯಾರ ಬಾಯಲ್ಲಿ, ಯಾರ ಕಿವಿಗೆ, ಎಲ್ಲಿ, ಯಾವಾಗ ಎಂಬಿಷ್ಟನ್ನು ಬಿಟ್ಟು ಸಾಲುಗಳನ್ನು ಮಾತ್ರ ಎತ್ತಿಕೊಂಡರೆ ಚಿತ್ರಗೀತೆಯ ಅರ್ಧ ಅರ್ಥ ಸೋರಿಹೋಗುತ್ತದೆ.

ಕಥೆಯನ್ನು ಮೊದಲು ತಿಳಿಯಬೇಕು. ಬಂಗಾಳದ ಸೆರೆಮನೆಗಳಲ್ಲಿ ಅಧಿಕಾರಿಯಾಗಿದ್ದ ಚಾರುಚಂದ್ರ ಚಕ್ರವರ್ತಿಯವರು ‘ಜರಾಸಂಧ’ ಎಂಬ ಕಾವ್ಯನಾಮದಲ್ಲಿ ಬರೆದ ‘ತಾಮಸಿ’ ಈ ಚಿತ್ರದ ಮೂಲ. ಚಿತ್ರಕಥೆ ನಬೇಂದು ಘೋಷರದು. ಬ್ರಿಟಿಷರ ಕಾಲ. ಕೊಲೆಯ ಅಪರಾಧಕ್ಕಾಗಿ ಸೆರೆಯಲ್ಲಿರುವ ಕಲ್ಯಾಣಿಯನ್ನು (ನೂತನ್) ಸೆರೆಮನೆಯ ವೈದ್ಯ ದೇವೇನ (ಧರ್ಮೇಂದ್ರ) ಮೆಚ್ಚುತ್ತಾನೆ. ಅವಳು ಒಪ್ಪದೆ ದೂರ ಸರಿಯುತ್ತಾಳೆ. ಏಕೆಂದು ಹೇಳಲು ಕಥೆ ಹಿಂದಕ್ಕೆ ಹೋಗುತ್ತದೆ. ಹಳ್ಳಿಯ ಪೋಸ್ಟ್‌ಮಾಸ್ಟರರ ಮಗಳಾಗಿದ್ದ ಅವಳು, ಸರ್ಕಾರ ಆ ಊರಲ್ಲಿ ನಿರ್ಬಂಧದಲ್ಲಿಟ್ಟಿದ್ದ ಕ್ರಾಂತಿಕಾರಿ ಬಿಕಾಶನನ್ನು (ಅಶೋಕ್ ಕುಮಾರ್) ಒಲಿದಿದ್ದಳು. ಬರುತ್ತೇನೆಂದು ಹೋದವನು ಬರಲಿಲ್ಲ. ಬೇರೆ ಮದುವೆಯಾದನೆಂಬ ಸುದ್ದಿ ಬಂತು. ಊರಿನ ನಾಲಗೆಗೆ ತಂದೆ ಸಿಲುಕಬಾರದೆಂದು ಅವಳು ಮನೆ ಬಿಟ್ಟಳು. ನಗರದ ಆಸ್ಪತ್ರೆಯೊಂದರಲ್ಲಿ ಸಿಡುಕಿನ ರೋಗಿಯೊಬ್ಬಳ ಊಳಿಗಕ್ಕೆ ನಿಂತಳು. ತನ್ನನ್ನು ಹುಡುಕಿಬಂದ ತಂದೆ ತೀರಿಹೋದ ಸುದ್ದಿಯೂ, ತಾನು ಸೇವೆ ಮಾಡುತ್ತಿರುವ ಈ ಹೆಂಗಸೇ ಬಿಕಾಶನ ಹೆಂಡತಿಯೆಂಬ ಅರಿವೂ ಒಟ್ಟಿಗೇ ಬಂದೆರಗಿದಾಗ ಆ ರೋಗಿಗೆ ಅವಳು ವಿಷವಿಕ್ಕಿದಳು.

ಕಲ್ಯಾಣಿಯ ತಂದೆಯ ಪಾತ್ರದಲ್ಲಿರುವವರು ‘ಜಗಾಚ್ಯಾ ಪಾಠೀವರ್’ ಮರಾಠಿ ಚಿತ್ರದ ನಿರ್ದೇಶಕ ರಾಜಾ ಪರಾಂಜಪೆ ಎಂಬುದನ್ನು ಮರಾಠಿ ಬಲ್ಲ ವಿದ್ಯಾರ್ಥಿಗಳು ಗಮನಿಸಬಹುದು. ಆ ಮುಖದ ಸಾಧುತನ ಮಗಳ ಹಾಡುಗಳ ಹಿಂದೆ ಸದಾ ನಿಂತಿರುತ್ತದೆ.

ಸಂಗೀತ ಸಚಿನ್ ದೇವ ಬರ್ಮನ್‌ರದು. ಏಳರಲ್ಲಿ ಆರು ಗೀತೆಗಳು ಶೈಲೇಂದ್ರರವು, ಒಂದು ಮಾತ್ರ ಗುಲ್ಜಾರರದು. ಅದಕ್ಕೊಂದು ಹಿನ್ನೆಲೆಯಿದೆ. ಆಗ ಬರ್ಮನ್ ಮತ್ತು ಶೈಲೇಂದ್ರರ ನಡುವೆ ಮುನಿಸು ಬಿದ್ದಿತ್ತು. ಮೋಟಾರು ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ತರುಣ ಕವಿ ಗುಲ್ಜಾರರನ್ನು ಬಿಮಲ್ ರಾಯ್ ಅವರ ಬಳಿಗೆ ಕಳುಹಿಸಿದವರಲ್ಲಿ ಶೈಲೇಂದ್ರರೂ ಒಬ್ಬರು. ಒಂದು ಗೀತೆ ಬರೆಯುವಷ್ಟರಲ್ಲಿ ಹಿರಿಯರಿಬ್ಬರಿಗೂ ರಾಜಿಯಾಯಿತು. ಉಳಿದವು ಶೈಲೇಂದ್ರರಿಗೆ ಹೋದವು. ಲತಾ ಮಂಗೇಶ್ಕರ್ ಮತ್ತು ಬರ್ಮನ್‌ರ ನಡುವೆಯೂ ಕೆಲವು ವರ್ಷಗಳ ವಿರಸ ನಡೆದು ಮುಗಿದಿತ್ತು. ದೊಡ್ಡವರ ಸಿಟ್ಟುಗಳು ಸರಿಯಾದ ಹೊತ್ತಿಗೆ ಹುಟ್ಟಿ ಸರಿಯಾದ ಹೊತ್ತಿಗೆ ಆರಿದ್ದರಿಂದ ಕೇಳುಗರಿಗೆ ಲಾಭವಾಯಿತು.

ಗುಲ್ಜಾರರ ಗೀತೆಯ ಸಂದರ್ಭ ಹೀಗಿದೆ. ರಾತ್ರಿಯ ಕೆಲಸ ಮುಗಿಸಿ, ಬೀಗದ ಕೈಗಳನ್ನು ಸೆರಗಿಗೆ ಗಂಟುಹಾಕಿಕೊಂಡು, ಕಲ್ಯಾಣಿ ಬೆಳದಿಂಗಳಿಗೆ ಬರುತ್ತಾಳೆ. ಈ ಹಾಡಿಗಾಗಿ ಬಿಮಲ್ ರಾಯ್ ಮತ್ತು ಬರ್ಮನ್‌ರ ನಡುವೆ ನಡೆದ ವಾದವನ್ನು ಗುಲ್ಜಾರರೇ ಹಲವು ಸಲ ಹೇಳಿಕೊಂಡಿದ್ದಾರೆ. ಮರ್ಯಾದಸ್ಥರ ಮನೆಯ ಹುಡುಗಿ ರಾತ್ರಿಯಲ್ಲಿ ಮನೆಯಿಂದಾಚೆ ಹೋಗಿ ಹಾಡುವುದಿಲ್ಲವೆಂದು ನಿರ್ದೇಶಕರು. ತಂದೆಯ ಎದುರು ಮಗಳು ಇಂಥ ಹಾಡನ್ನು ಹೇಗೆ ಹಾಡಿಯಾಳು, ಮನೆಯೊಳಗೆ ನನ್ನ ಹಾಡಿಗೆ ಉಸಿರುಗಟ್ಟುತ್ತದೆ ಎಂದು ಸಂಗೀತಗಾರರು. ತಂದೆ ವೈಷ್ಣವ ಕವಿತೆಯನ್ನು ಓದುತ್ತಾನಲ್ಲ, ಮಗಳು ಹಾಡಿದರೆ ತಪ್ಪೇನು ಎಂದರೆ, ಅದು ಕವಿತೆ, ಇದು ಹಾಡು ಎಂಬ ಉತ್ತರ. ಕೊನೆಗೆ ಇಬ್ಬರೂ ಒಪ್ಪಿದ್ದು ಅಂಗಳಕ್ಕೆ.

ವಿನೋದವೆಂದು ಕೇಳಿ ಬಿಡುವ ಸಂಗತಿ ಇದಲ್ಲ. ಅಂಗಳವು ಮನೆಯೂ ಅಲ್ಲ, ಹೊರಗೂ ಅಲ್ಲ. ಗೀತೆಯ ಒಂದು ನುಡಿಯಲ್ಲಿ ನಾಚಿಕೆ ಅವಳ ಕಾಲನ್ನು ಹಿಡಿದು ನಿಲ್ಲಿಸುತ್ತದೆ, ಮೋಹ ತೋಳನ್ನು ಹಿಡಿದು ಜಗ್ಗುತ್ತದೆ; ಎತ್ತ ಹೋಗಲೆಂದು ಅವಳು ಅರಿಯಳು. ವಾದದಲ್ಲಿ ಗೆದ್ದುಬಂದ ಅಂಗಳವೇ ಈ ಭಾವಕ್ಕೆ ಒದಗಿದ ನೆಲೆ. ನೂತನ್ ಅಲ್ಲಿ ಹೆಜ್ಜೆಯಿಟ್ಟು, ತಡೆದು, ಮತ್ತೆ ಇಡುವುದನ್ನು ನೋಡಿದರೆ ಪದದ ಅರ್ಥವನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

ಗೀತೆಯ ಮುಖ್ಯ ಕಲ್ಪನೆಯೆಂದರೆ ಬಣ್ಣದ ವಿನಿಮಯ. ನನ್ನ ಬಿಳಿಯ ಮೈಯನ್ನು ನೀನು ತೆಗೆದುಕೋ, ಕಪ್ಪು ಮೈಯನ್ನು ನನಗೆ ಕೊಡು, ಇರುಳಿನಲ್ಲಿ ಅಡಗಿಕೊಳ್ಳುತ್ತೇನೆ ಎಂಬ ಬೇಡಿಕೆ. ಇದನ್ನು ಸವಿಯಲು ಅಭಿಸಾರಿಕೆಯ ನೆನಪು ಬೇಕು. ಬಿಳಿಯ ಹೂ ಮುಡಿದು, ಮೈಗೆಲ್ಲ ಗಂಧ ಬಳಿದು, ಬಿಳಿಯ ದುಕೂಲವುಟ್ಟ ಅಭಿಸಾರಿಕೆಯರು ಬೆಳದಿಂಗಳಲ್ಲಿ ಕಾಣಿಸುವುದೇ ಇಲ್ಲವೆಂದು ದಂಡಿಯು ಅತಿಶಯೋಕ್ತಿಗೆ ಉದಾಹರಣೆ ಕೊಟ್ಟಿದ್ದಾನೆ. ಶಾಸ್ತ್ರದ ಪ್ರಕಾರ ಬೆಳ್ಳಗಿನ ಹುಡುಗಿಗೆ ಬೆಳದಿಂಗಳೇ ಮರೆ. ಗುಲ್ಜಾರರು ಈ ಕವಿಸಮಯವನ್ನು ತಿರುವಿಹಾಕುತ್ತಾರೆ. ಇಲ್ಲಿ ಚಂದ್ರ ಮರೆಮಾಡುವವನಾಗದೆ ಇಣಿಕಿ ನೋಡುವ ನೆರೆಯವನಾಗಿದ್ದಾನೆ. ಮೋಡ ಸರಿಸಿ ನಗುವ ಅವನಿಗೆ ರಾಹು ಬಡಿಯಲೆಂದು ಹುಡುಗಿ ಶಾಪ ಹಾಕುತ್ತಾಳೆ. ಬಿಳಿಯ ಮೈ ಆಸ್ತಿಯಾಗುವುದರ ಬದಲು ಅಡ್ಡಿಯಾಗಿದೆ. ಇನ್ನು ಅವಳು ಬೇಡುವ ಕಪ್ಪು ಶ್ಯಾಮನ ಬಣ್ಣವೂ ಹೌದು. ಇರುಳಲ್ಲಿ ಅಡಗುವ ಉಪಾಯವೆಂದು ಮೇಲಕ್ಕೆ ಹೇಳಿ, ಪ್ರಿಯನ ಬಣ್ಣವನ್ನೇ ಮೈಗೆ ಬಳಿದುಕೊಳ್ಳುವ ಆಸೆಯನ್ನು ಒಳಗೆ ಇಟ್ಟಿರುವುದು ಧ್ವನಿ. ತಂದೆ ಓದುವ ವೈಷ್ಣವ ಪದಾವಳಿ ಮಗಳ ಮನಸ್ಸಿಗಿಳಿದ ಬಗೆ ಇದು. ‘ಹುಡುಗಿಗೆ ಈ ಭಾಷೆ ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ಕವಿ ಉತ್ತರವನ್ನು ಕಥೆಯ ಒಳಗೇ ಇಟ್ಟಿದ್ದಾನೆ. ‘ಮೋರಾ’, ‘ತೋಹೆ’ ಎಂಬ ರೂಪಗಳು ಪುಸ್ತಕದ ಹಿಂದಿಯವಲ್ಲ. ಬ್ರಜ, ಅವಧಿಗಳ ಮೂಲಕ ಭಕ್ತಿಯ ಹಾಡುಗಳಿಗೆ ಇಳಿದು ಬಂದವು.

ಕಲ್ಯಾಣಿಯ ಎರಡನೆಯ ಹಾಡು ಶೈಲೇಂದ್ರರದು, ಲತಾ ಅವರದೇ ದನಿ. ಬಾಗಿಲಿಗೆ ಬಂದ ಜೋಗಿಯಿಂದಾಗಿ ತನ್ನ ಸಂಜೆ ಮುಂಜಾವುಗಳಿಗೆ ಬಣ್ಣವೇರಿತೆಂದು ಅವಳು ಹಿಗ್ಗುತ್ತಾಳೆ. ನೀರಿಗೆ ಹೋದ ರಾಧೆ ನೀರು ತರದೆ ಬರಿಗೈಯಲ್ಲಿ ಮರಳುವಂತೆ ತಾನಾಗಿದ್ದೇನೆಂದು ಹೇಳುತ್ತಾಳೆ. ಮುಟ್ಟಿದರೆ ಮುದುಡುವ ಗಿಡ ನಾನು, ಇನ್ನೂ ಹತ್ತಿರ ಬರಬೇಡ ಎಂದೂ ಹೇಳುತ್ತಾಳೆ. ಮೊದಲ ಹಾಡಿನಷ್ಟು ಆಳ ಇದಕ್ಕಿಲ್ಲ, ಲವಲವಿಕೆಯಿದೆ. ಆದರೆ ಒಂದು ಪದ ನೆನಪಿಟ್ಟುಕೊಳ್ಳಬೇಕು. ಪ್ರಿಯನನ್ನು ಅವಳು ಕರೆದದ್ದು ‘ಜೋಗಿ’ ಎಂದು. ಜೋಗಿಯು ಒಂದೂರಲ್ಲಿ ನಿಲ್ಲುವವನಲ್ಲ. ತಿಳಿಯದೆ ಆಡಿದ ಮಾತಿನಲ್ಲಿ ಮುಂದಿನ ಕೇಡು ಕುಳಿತಿರುವುದನ್ನು ನಾಟಕದ ವಿದ್ಯಾರ್ಥಿಗಳು ಪತಾಕಾಸ್ಥಾನಕವೆಂಬ ಹೆಸರಿನಲ್ಲಿ ಓದಿರುತ್ತಾರೆ. ಅದರ ಛಾಯೆ ಇಲ್ಲಿದೆ.

ಇಷ್ಟಕ್ಕೆ ಕಲ್ಯಾಣಿಯ ಹಾಡು ಮುಗಿಯಿತು. ಚಿತ್ರ ಸೆರೆಮನೆಯಲ್ಲಿ ಆರಂಭವಾಗುವುದರಿಂದ ಪ್ರೇಕ್ಷಕ ಮೊದಲು ಕಾಣುವುದು ಮಾತು ಕಡಿಮೆಯ, ಕಣ್ಣು ತಗ್ಗಿಸಿದ ಕಲ್ಯಾಣಿಯನ್ನು. ಇವಳೊಮ್ಮೆ ಹಾಡುತ್ತಿದ್ದಳೆಂಬುದು ಅವನಿಗೆ ತಡವಾಗಿ ತಿಳಿಯುತ್ತದೆ. ವಿಷವಿಕ್ಕುವ ಘಟ್ಟದಲ್ಲಿ ಹಾಡಿಲ್ಲ. ವಾದ್ಯಗಳ ಆರ್ಭಟವೂ ಇಲ್ಲ. ಹತ್ತಿರದಲ್ಲೆಲ್ಲೋ ಕಬ್ಬಿಣ ಬಡಿಯುವ ಸದ್ದು, ಬೆಸುಗೆಯ ಕಿಡಿಗಳ ಬೆಳಕು ಅವಳ ಮುಖದ ಮೇಲೆ ಹೊತ್ತಿ ಆರುವುದು, ಇಷ್ಟೇ. ಗೀತೆಗಳಿಗೆ ಹೆಸರಾದ ಚಿತ್ರವೊಂದು ತನ್ನ ಅತಿ ದಾರುಣ ಘಟ್ಟದಲ್ಲಿ ಸಂಗೀತವನ್ನು ಹೊರಗಿಟ್ಟ ಈ ಸಂಯಮ ಆ ಏಳು ಗೀತೆಗಳ ಬೆಲೆಯನ್ನು ಹೆಚ್ಚಿಸಿದೆ.

ಅವಳು ಮನೆ ಬಿಟ್ಟು ಹೊರಟಾಗ ಮುಕೇಶರ ದನಿ ಕೇಳುತ್ತದೆ. ಹಾಡುವವನು ತೆರೆಯ ಮೇಲೆ ಯಾರೂ ಅಲ್ಲ. ಊರೇ ಹಾಡುತ್ತಿದೆ ಎನ್ನಬೇಕು. ಹೋಗುವವಳೇ, ಸಾಧ್ಯವಾದರೆ ಮರಳಿ ಬಾ, ಈ ನದಿಯ ಘಟ್ಟವನ್ನೂ ಈ ದಾರಿಯನ್ನೂ ಮರೆಯಬೇಡ, ಎಳವೆಯ ಗೆಳತಿಯರು ಓಣಿ ಓಣಿಯಲ್ಲಿ ನಿನ್ನನ್ನು ಹುಡುಕುತ್ತಾರೆ ಎಂಬುದು ಅದರ ಅಭಿಪ್ರಾಯ. ಇಲ್ಲಿ ವಕ್ತೃವನ್ನು ಗಮನಿಸಬೇಕು. ಅವಳನ್ನು ಹೊರಗಟ್ಟಿದ್ದು ಇದೇ ಊರಿನ ಬಾಯಿ. ಅದೇ ಊರು ಈಗ ಇಷ್ಟು ಮೃದುವಾಗಿ ಬೀಳ್ಕೊಡುತ್ತಿದೆಯೆ? ಬೀಳ್ಕೊಡುತ್ತಿರುವುದು ಊರಿನ ಜನರಲ್ಲ, ಮಣ್ಣು ಮತ್ತು ನೀರು ಎಂದುಕೊಂಡರೆ ಗೀತೆ ಒಗ್ಗುತ್ತದೆ. ಹಾಗಲ್ಲದೆ ಜನರೆಂದೇ ತಿಳಿದರೆ ಅದು ಕ್ರೂರ ವ್ಯಂಗ್ಯವಾಗುತ್ತದೆ. ಮುಕೇಶರ ಅಲಂಕಾರವಿಲ್ಲದ, ನೇರವಾದ ಹಾಡುಗಾರಿಕೆ ಎರಡೂ ಓದುಗಳಿಗೆ ಎಡೆಕೊಡುತ್ತದೆ. ಮೊದಲನೆಯದರ ಕಡೆಗೇ ವಾಲುತ್ತದೆನ್ನಬಹುದು. ಗೀತೆಯ ಕೊನೆಯಲ್ಲಿ ಆಚೆಯ ದಡಕ್ಕೆ ಹೋದವರು ಮರಳುವುದಿಲ್ಲವಲ್ಲ, ಇದೇನು ಮರ್ಮ ಎಂಬ ಪ್ರಶ್ನೆ ಬರುತ್ತದೆ. ಆಚೆಯ ದಡವೆಂದರೆ ಇಲ್ಲಿ ಸಾವು. ಈ ‘ಪಾರ್’ ಎಂಬ ಪದವನ್ನು ವಿದ್ಯಾರ್ಥಿಗಳು ಹಿಡಿದಿಟ್ಟುಕೊಳ್ಳಬೇಕು. ಅದು ಮತ್ತೆ ಬರಲಿದೆ.

ಸೆರೆಮನೆಯ ಹೆಂಗಸರ ಹಾಡುಗಳು ಎರಡು. ಎರಡನ್ನೂ ಹಾಡಿದವರು ಆಶಾ ಭೋಸ್ಲೆ. ಕಲ್ಯಾಣಿಯ ಬಾಯಿಗಿದ್ದ ಲತಾ ದನಿಯನ್ನು ಸೆರೆಯ ಬೇರೆ ಹೆಂಗಸರಿಗೆ ಕೊಡದಿರುವ ಎಚ್ಚರವನ್ನು ಗಮನಿಸಬೇಕು. ಒಂದು ಹಾಡು ಹಕ್ಕಿಯನ್ನು ಕುರಿತದ್ದು. ಸಂಜೆ ಮುಂಜಾನೆ ನೀನು ಆಡುವ ಮಾತು ಯಾವ ನುಡಿಯದು ಎಂದು ಕೇಳಿ, ತಾನು ಪಂಜರದ ಮೈನಾ, ರೆಕ್ಕೆಯಿದ್ದೂ ಕೆಲಸಕ್ಕೆ ಬಾರದವಳು ಎಂದು ಸೆರೆಯಾಳು ಹೇಳಿಕೊಳ್ಳುತ್ತಾಳೆ. ಹೊರಗೆ ಫಾಲ್ಗುಣ ಮಾಸ; ಮಾವಿನ ತೋಪಿಗೆ ಬಂದ ವಸಂತವನ್ನು ಅವಳು ಕಿಟಕಿಯಿಂದ ಸದ್ದಿಲ್ಲದೆ ನೋಡಬೇಕು. ಜೋಗಿಯ ಹಾಡಿನಲ್ಲಿ ಬಣ್ಣವೇರಿದ್ದ ‘ಸಾಂಝ್’, ‘ಸಕಾರೆ’ ಎಂಬ ಅವೇ ಎರಡು ಪದಗಳು, ಸಂಜೆ ಮತ್ತು ಬೆಳಗು, ಇಲ್ಲಿ ಬಣ್ಣ ಕಳೆದುಕೊಂಡು ನಿಂತಿವೆ. ನಿನ್ನ ನನ್ನ ನಡುವೆ ಏಳು ಕಡಲುಗಳಿರುವಾಗ ಆಚೆಯ ದಡಕ್ಕೆ ಹೇಗೆ ಬರಲಿ ಎಂಬಲ್ಲಿ ‘ಪಾರ್’ ಕೂಡ ಬಂದಿದೆ. ಇಲ್ಲಿ ಆಚೆಯ ದಡವೆಂದರೆ ಬಿಡುಗಡೆ. ಸಾಧಾರಣ ಪದಗಳನ್ನು ಒಂದು ಗೀತೆಯಿಂದ ಇನ್ನೊಂದಕ್ಕೆ ಹೀಗೆ ಸಾಗಿಸುವ ಶೈಲೇಂದ್ರರ ಕುಶಲತೆ ಒಂದೊಂದೇ ಹಾಡನ್ನು ಬಿಡಿಯಾಗಿ ಕೇಳುವವರಿಗೆ ಕಾಣುವುದಿಲ್ಲ.

ಇನ್ನೊಂದು ಬೀಸುವ ಕಲ್ಲಿನ ಹಾಡು. ಏಳರಲ್ಲಿ ಕನ್ನಡಿಗರ, ಅದರಲ್ಲೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರ ಕರುಳಿಗೆ ಅತಿ ಹತ್ತಿರದ್ದು ಇದೇ. ಸೆರೆಯ ಹೆಂಗಸೊಬ್ಬಳು ಬೀಸುತ್ತ ಹಾಡುತ್ತಾಳೆ. ಅಪ್ಪಾ, ಈ ವರ್ಷವಾದರೂ ಅಣ್ಣನನ್ನು ಕಳುಹಿಸು, ಶ್ರಾವಣಕ್ಕೆ ನನ್ನನ್ನು ಕರೆಸಿಕೋ ಎಂಬುದು ಅವಳ ಮೊರೆ. ಎಳವೆಯ ಗೆಳತಿಯರು ತವರಿಗೆ ಮರಳುತ್ತಾರೆ, ಮಾವಿನ ಮರದ ಕೆಳಗೆ ಜೋಕಾಲಿ ಕಟ್ಟುತ್ತಾರೆ, ತುಂತುರು ಬೀಳುತ್ತದೆ. ಹಗೆಯಾದ ಹರೆಯ ನನ್ನ ಆಟಿಕೆಗಳನ್ನು ಕಿತ್ತುಕೊಂಡಿತು, ಗೊಂಬೆಯನ್ನು ಕದ್ದಿತು; ನಿನ್ನ ಮುದ್ದಿನಲ್ಲಿ ಬೆಳೆದವಳು ನಾನೇಕೆ ಪರಕೀಯಳಾದೆ? ಯುಗಗಳೇ ಕಳೆದವು, ಕಾಗದವಿಲ್ಲ, ತವರಿನಿಂದ ಬಂದವರಿಲ್ಲ.

ಈ ವಸ್ತು ಶೈಲೇಂದ್ರರ ಸೃಷ್ಟಿಯಲ್ಲ. ಉತ್ತರ ಹಿಂದೂಸ್ಥಾನದ ಹೆಂಗಸರ ಶ್ರಾವಣದ ಹಾಡುಗಳಲ್ಲಿ ಇದು ಹಳೆಯದು. ಅಪ್ಪನನ್ನು ಕಳುಹಿಸೆಂದು ಮಗಳು ತಾಯಿಯನ್ನು ಬೇಡುವ ಇಂಥದೇ ಹಾಡೊಂದು ಅಮೀರ್ ಖುಸ್ರೋನ ಹೆಸರಿನಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಅದೇ ಭಾವ ದಕ್ಖನಿನಲ್ಲೂ ಉಂಟು. ಶ್ರಾವಣದ ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು, ಮರಕ್ಕೆ ಜೋಕಾಲಿ ಕಟ್ಟುವುದು, ಅಣ್ಣ ಬಾರದ ವರ್ಷ ಹೊಸ್ತಿಲಲ್ಲಿ ನಿಂತು ದಾರಿ ನೋಡುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಹಾಡುಗಳ ಹೃದಯ. ಗಡಿಯ ಈಚೆಗೆ ಅದೇ ಪಂಚಮಿ, ಅದೇ ಜೋಕಾಲಿ. ‘ತವರು’ ಎನ್ನುವಲ್ಲಿ ‘ಮಾಹೇರ’ ಎಂಬ ಪದ ಬಂದೀತು, ಅಷ್ಟೇ. ಎರಡು ನುಡಿಯ ಮನೆಗಳಲ್ಲಿ ಎರಡೂ ಪದಗಳು ಒಂದೇ ಉಸಿರಿನಲ್ಲಿ ಬರುತ್ತವೆ. ಬೀಸುವಾಗ ಕನ್ನಡದಲ್ಲಿ ತ್ರಿಪದಿ, ಮರಾಠಿಯಲ್ಲಿ ಓವಿ. ಭೀಮಾತೀರದ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿದರು. ಅತ್ತ ಸಾನೆ ಗುರೂಜಿಯವರು ‘ಸ್ತ್ರೀಜೀವನ’ದಲ್ಲಿ ಓವಿಗಳನ್ನು ಕೂಡಿಸಿದರು. ಎರಡನ್ನೂ ಪಕ್ಕದಲ್ಲಿಟ್ಟು ತವರಿನ ಭಾಗಗಳನ್ನು ಹೋಲಿಸಿ ನೋಡುವುದು ಗಡಿನಾಡಿನ ವಿದ್ಯಾರ್ಥಿಗೆ ಒಳ್ಳೆಯ ಕೆಲಸ.

ಜನಪದದಿಂದ ಎತ್ತಿಕೊಂಡ ಮೇಲೆ ಶೈಲೇಂದ್ರರು ಸೇರಿಸಿದ್ದೇನು? ಉತ್ತರ ಸಾಲುಗಳಲ್ಲಿ ಇಲ್ಲ, ಹಾಡಿನ ಜಾಗದಲ್ಲಿದೆ. ಗಂಡನ ಮನೆಯಲ್ಲಿ ಕುಳಿತು ಬೀಸುವವಳು ಹಾಡಿದರೆ ಅದು ಆಸೆಯ ಹಾಡು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಅಣ್ಣ ಬಂದಾನು. ಸೆರೆಮನೆಯಲ್ಲಿ ಕುಳಿತವಳ ಬಾಯಲ್ಲಿ ಅದೇ ಮಾತುಗಳು ನಡೆಯಲಾರದ ಬೇಡಿಕೆಯಾಗುತ್ತವೆ. ಇಲ್ಲಿಗೆ ಯಾವ ಅಣ್ಣನೂ ಬಂಡಿ ಕಟ್ಟಿಕೊಂಡು ಬರುವಂತಿಲ್ಲ, ಬಂದರೂ ಕರೆದೊಯ್ಯುವಂತಿಲ್ಲ. ಸೆರೆಮನೆಯನ್ನು ಆಡುಮಾತಿನಲ್ಲಿ ‘ಮಾವನ ಮನೆ’ ಎನ್ನುವ ಕುಚೋದ್ಯವುಂಟು. ಈ ಹಾಡು ಕೇಳಿದವರಿಗೆ ಆ ಕುಚೋದ್ಯ ಮತ್ತೆ ನಗು ತರಿಸದು. ಒಂದಕ್ಷರವನ್ನೂ ಬದಲಿಸದೆ ಸ್ಥಳವನ್ನಷ್ಟೇ ಬದಲಿಸಿ ಹಳೆಯ ಹಾಡಿಗೆ ಹೊಸ ಅರ್ಥ ಹುಟ್ಟಿಸಬಹುದೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ. ಮಮ್ಮಟನ ಪಟ್ಟಿಯಲ್ಲಿ ‘ದೇಶ’ ಏಕಿದೆಯೆಂದು ಕೇಳುವ ವಿದ್ಯಾರ್ಥಿಗೆ ಈ ಹಾಡನ್ನು ಕೇಳಿಸಿದರೆ ಸಾಕು.

ಕೇಳುವವಳು ಯಾರೆಂಬುದು ಇನ್ನೂ ಒಂದು ಪದರ. ಕಲ್ಯಾಣಿ ಅಲ್ಲಿದ್ದಾಳೆ. ಹಾಡುವವಳಿಗೆ ಕರೆಸಿಕೊಳ್ಳಬಲ್ಲ ಅಪ್ಪ ಎಲ್ಲೋ ಇರಬಹುದು. ಕಲ್ಯಾಣಿಯ ಅಪ್ಪ ಇಲ್ಲ. ಅವಳನ್ನು ಹುಡುಕಲು ಹೋಗಿಯೇ ಸತ್ತವನು. ಅಪ್ಪಾ ಎಂದು ಕರೆದು ಹಾಡುವ ಅಧಿಕಾರವನ್ನೂ ಕಳೆದುಕೊಂಡವಳ ಎದುರು ಬೇರೊಬ್ಬಳು ಆ ಹಾಡನ್ನು ಹಾಡುತ್ತಿದ್ದಾಳೆ. ಕಲ್ಯಾಣಿಯೇ ಹಾಡಿದ್ದರೆ ಅದು ಸ್ವಮರುಕವಾಗುತ್ತಿತ್ತು. ಬೇರೆಯವಳು ಹಾಡಿದ್ದರಿಂದ ಅವಳ ದುಃಖ ಸೆರೆಯ ಎಲ್ಲ ಹೆಂಗಸರ ದುಃಖದೊಳಗೆ ಸೇರಿಹೋಗುತ್ತದೆ. ಅವಳದು ಅವಳಲ್ಲೇ ಮೂಕವಾಗಿ ಉಳಿಯುತ್ತದೆ. ಬೀಸುವ ಕಲ್ಲಿನ ಹಾಡುಗಳ ಸ್ವಭಾವವೂ ಅದೇ ಅಲ್ಲವೆ? ಹಾಡುವವಳ ಹೆಸರು ಅಲ್ಲಿ ಉಳಿಯುವುದಿಲ್ಲ; ತನ್ನ ನೋವನ್ನು ಯಾರದೋ ನುಡಿಯಲ್ಲಿ ಹೇಳಿಕೊಳ್ಳುವ ಸವಲತ್ತಿಗಾಗಿಯೇ ಹೆಂಗಸರು ಅವನ್ನು ಹಾಡಿದ್ದು.

ಮನ್ನಾ ಡೇ ಹಾಡಿದ, ಗಲ್ಲಿಗೆ ಹೋಗುವ ತರುಣ ಕ್ರಾಂತಿಕಾರಿಯ ಗೀತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅಳಬೇಡ ತಾಯಿ, ನಿನಗೆ ಮಕ್ಕಳು ಬಹಳ ಎಂಬ ಸಮಾಧಾನ, ಸ್ವಾತಂತ್ರ್ಯ ಬಂದ ದಿನ ಮರಳಿ ಹುಟ್ಟುವ ಮಾತು, ಎಲ್ಲವೂ ದೇಶಭಕ್ತಿಗೀತೆಯ ರಾಜಮಾರ್ಗದಲ್ಲೇ ನಡೆಯುತ್ತವೆ. ಬಿಡಿಯಾಗಿ ನೋಡಿದರೆ ಏಳರಲ್ಲಿ ಹೆಚ್ಚು ಘೋಷಣೆಯ ಧಾಟಿ ಇದಕ್ಕೇ. ಕಥೆಯೊಳಗಿಟ್ಟರೆ ಮಾತ್ರ ಅದು ಇರಿಯುತ್ತದೆ. ಒಂದೇ ಸೆರೆಯಲ್ಲಿ ದೇಶಕ್ಕಾಗಿ ಸಾಯುವವನೊಬ್ಬ ಎದೆಯುಬ್ಬಿಸಿ ಹಾಡಬಲ್ಲ. ತನ್ನ ದುಃಖಕ್ಕಾಗಿ ಕೊಂದವಳಿಗೆ ಹಾಡಿಲ್ಲ. ಮುಂದೆ ತಿಳಿಯುವಂತೆ ಬಿಕಾಶ ಬೇರೆ ಮದುವೆಯಾದದ್ದು ಪಕ್ಷದ ಆಜ್ಞೆಯಿಂದ, ದೇಶದ ಕೆಲಸವೆಂದು. ಈ ಗೀತೆ ಎತ್ತಿಹಿಡಿಯುವ ಧ್ಯೇಯವೇ ಕಲ್ಯಾಣಿಯ ಬಾಳನ್ನು ಮುರಿದದ್ದು. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅದರ ಗೌರವ ಆ ತರುಣನ ಬಗ್ಗೆ ಪ್ರಾಮಾಣಿಕವಾದದ್ದು. ಆದರೆ ತ್ಯಾಗದ ಲೆಕ್ಕದಲ್ಲಿ ಸೇರದೆ ಹೋದ ಹೆಣ್ಣೊಬ್ಬಳನ್ನೂ ಅದೇ ಗೋಡೆಗಳ ಒಳಗೆ ತೋರಿಸಿದೆ.

ಕೊನೆಯದು ಅಂಬಿಗನನ್ನು ಕರೆಯುವ ಗೀತೆ. ಬಿಡುಗಡೆ ಹೊಂದಿ, ದೇವೇನನ ಮನೆ ಸೇರಲೆಂದು ಹೊರಟ ಕಲ್ಯಾಣಿ ನದಿಯ ಘಟ್ಟದಲ್ಲಿ ರೈಲಿಗಾಗಿ ಕಾದಿರುವಾಗ, ಕ್ಷಯದಿಂದ ಜರ್ಜರನಾದ 'ಬಿಕಾಶ' ಕಣ್ಣಿಗೆ ಬೀಳುತ್ತಾನೆ. ಅವನು ಸ್ಟೀಮರಿಗೆ ಹತ್ತಬೇಕು. ಒಂದು ಕಡೆ ರೈಲಿನ ಕೂಗು, ಇನ್ನೊಂದು ಕಡೆ ಸ್ಟೀಮರಿನ ಕೂಗು. ಹಾಡುವವರು ಸ್ವತಃ ಬರ್ಮನ್. 1906ರಲ್ಲಿ ಕೊಮಿಲ್ಲಾದಲ್ಲಿ, ತ್ರಿಪುರಾದ ರಾಜವಂಶದಲ್ಲಿ ಹುಟ್ಟಿದ ಅವರು ಎಳವೆಯಿಂದ ಕೇಳಿ ಬೆಳೆದದ್ದು ಪೂರ್ವ ಬಂಗಾಳದ ಅಂಬಿಗರ ಭಟಿಯಾಲಿ ಹಾಡುಗಳನ್ನು. ಹೊಳೆಯ ಇಳಿತದೊಡನೆ ದೋಣಿಯನ್ನು ಹರಿಯಬಿಟ್ಟಾಗ ಹುಟ್ಟುಹಾಕುವ ಕೆಲಸವಿಲ್ಲ. ಆದ್ದರಿಂದ ಆ ಹಾಡಿಗೆ ತಾಳದ ಬಿಗಿಯೂ ಕಡಿಮೆ. ಸ್ವರವನ್ನು ನೀಳವಾಗಿ ಎಳೆದು, ನೀರಿನ ಬಯಲಿಗೆ ಬಿಟ್ಟು, ಮತ್ತೆ ಇಳಿಸುವುದೇ ಅದರ ಗತಿ. ಬರ್ಮನ್‌ರದು ತೆಳುವಾದ, ತುಸು ಮೂಗಿನ ದನಿ. ಅದನ್ನು ಅವರು ನಾಯಕರ ಬಾಯಿಗೆ ಕೊಡಲಿಲ್ಲ. ‘ಸುಜಾತಾ’ದ (1959) ಅಂಬಿಗನಿಗೆ, ‘ಗೈಡ್’ನ (1965) ದಾರಿಹೋಕನ ಹಿನ್ನೆಲೆಗೆ ಕೊಟ್ಟಂತೆಯೇ ಇಲ್ಲೂ ಅದನ್ನು ಘಟ್ಟದ ಗಾಳಿಗೆ ಕೊಟ್ಟಿದ್ದಾರೆ.

ನನ್ನ ನಲ್ಲ ಆಚೆಯ ದಡದಲ್ಲಿ, ಮನಸ್ಸನ್ನು ಕೊಂದುಕೊಂಡು ನಾನು ಈಚೆಯ ದಡದಲ್ಲಿ. ಅಂಬಿಗಾ, ಈ ಸಲ ದಾಟಿಸು ಎಂದು ಗೀತೆ ಬೇಡುತ್ತದೆ. ‘ಪಾರ್’ ಮೂರನೆಯ ಸಲ ಬಂತು. ಪಂಜರದ ಮೈನಾಕ್ಕೆ ನಿಲುಕದ ಬಿಡುಗಡೆಯಾಗಿದ್ದ ದಡ, ಊರು ಬಿಟ್ಟವಳಿಗೆ ಮರಳಿಬಾರದ ಸಾವಾಗಿದ್ದ ದಡ, ಈಗ ಪ್ರಿಯನಿರುವ ದಡವಾಗಿದೆ. ಹಿಂದಿನ ಎರಡು ಅರ್ಥಗಳು ಅಳಿದುಹೋಗಿಲ್ಲ. ಅವನು ಸಾಯುತ್ತಿರುವವನು, ಹಾಗಾಗಿ ಅತ್ತ ಹೋಗುವುದೆಂದರೆ ಸಾವಿನತ್ತ ಹೋಗುವುದು, ಬಹುಶಃ ಬಿಡುಗಡೆಯತ್ತಲೂ. ಚಿತ್ರದ ಹೆಸರಾದ ‘ಬಂದಿನಿ’ ಎಂಬ ಪದ ಈ ಗೀತೆಯಲ್ಲೇ ಬರುತ್ತದೆ, ನಲ್ಲನ ಬಂದಿನಿ ಎಂಬ ಅರ್ಥದಲ್ಲಿ. ಸರ್ಕಾರ ಬಾಗಿಲು ತೆರೆದು ಕಳುಹಿಸಿದವಳನ್ನು ಗೀತೆ ಮತ್ತೆ ಬಂದಿಯೆನ್ನುತ್ತದೆ.

ಕೈಬಿಟ್ಟುಹೋದವನ ಬಳಿಗೇ ಅವಳು ಓಡಿಹೋಗುವುದನ್ನು ಇಂದಿನ ವಿದ್ಯಾರ್ಥಿನಿಯರು ಸುಲಭವಾಗಿ ಒಪ್ಪಲಾರರು. ಒಪ್ಪಬೇಕೆಂಬ ಕಡ್ಡಾಯವೂ ಇಲ್ಲ. ದೇವೇನನಂಥ ಸಜ್ಜನನನ್ನು, ತೆರೆದ ಬಾಳನ್ನು ಬಿಟ್ಟು ಹೋಗುವುದು ಹಳೆಯ ಪಾತಿವ್ರತ್ಯದ ಕಟ್ಟಿಗೆ ಶರಣಾದಂತೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಗೀತೆಯ ದನಿ ಗಂಡಸಿನದು ಎಂಬುದನ್ನು ಈ ವಾದದಲ್ಲಿ ಮರೆಯಬಾರದು. ಹೆಣ್ಣಿನ ಮಾತನ್ನು ಗಂಡು ಹಾಡುವುದು ಭಕ್ತಿಯ ಹಾದಿಯಲ್ಲಿ ಹೊಸತಲ್ಲ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಉರಿಲಿಂಗದೇವ ನುಡಿದ ವಚನಗಳಿವೆ. ಜ್ಞಾನದೇವರ ವಿರಹಿಣಿ ಅಭಂಗಗಳಿವೆ. ಬಂಗಾಳದ ವೈಷ್ಣವ ಕವಿಗಳು ರಾಧೆಯಾಗಿ ಹಾಡಿದವರು. ಈ ಪರಂಪರೆಯಲ್ಲಿ ‘ಬಂದಿನಿ’ ಎಂಬುದು ಒಬ್ಬ ಗಂಡಸಿಗೆ ಒಳಪಟ್ಟ ಹೆಂಗಸೆಂಬ ಅರ್ಥವನ್ನು ಮೀರಿ, ಒಲಿದು ಕಟ್ಟಿಗೊಳಗಾದ ಜೀವವೆಂಬ ಅರ್ಥಕ್ಕೆ ಚಾಚುತ್ತದೆ. ಗೀತೆಯನ್ನು ಲತಾ ಅಥವಾ ಆಶಾ ಹಾಡಿದ್ದರೆ ಈ ಚಾಚು ಸಿಗುತ್ತಿರಲಿಲ್ಲ. ಅದು ಕಲ್ಯಾಣಿಯ ಸಮರ್ಥನೆಯಾಗಿ ಮಾತ್ರ ಉಳಿಯುತ್ತಿತ್ತು. ಚಿತ್ರಕಥೆ ಬಿಟ್ಟುಹೋದ ತೊಡಕನ್ನು ದನಿಯ ಆಯ್ಕೆ ಬಿಡಿಸಿತೆಂದು ಹೇಳಲಾಗದು. ತೊಡಕನ್ನು ತೊಡಕಾಗಿಯೇ ದೊಡ್ಡದು ಮಾಡಿತು.

ಬಿಮಲ್ ರಾಯ್ ನಿರ್ದೇಶಿಸಿದ ಕೊನೆಯ ಕಥಾಚಿತ್ರ ಇದು. ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಚಿತ್ರ, ನಿರ್ದೇಶನ, ನಟಿ, ಕಥೆ ಮೊದಲಾದವಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿಗಳೂ ಬಂದವು. ಸಂಗೀತಕ್ಕೆ, ಗೀತರಚನೆಗೆ ಬರಲಿಲ್ಲ. ಮಾರುಕಟ್ಟೆಯ ಎಣಿಕೆಯಲ್ಲಿ ಅವು ಎಲ್ಲಿ ನಿಂತವೋ, ತೆರೆಯ ಮೇಲೆ ಮಾತ್ರ ಅವು ನಿಲ್ಲುವ ಜಾಗ ಬಲು ಖಚಿತ.

ಕಡೆಯ ದೃಶ್ಯದಲ್ಲಿ ಸ್ಟೀಮರಿನ ಹಲಗೆಯನ್ನು ಇನ್ನೇನು ಎಳೆದುಕೊಳ್ಳಬೇಕು ಎನ್ನುವಾಗ ಕಲ್ಯಾಣಿ ಓಡುತ್ತಾಳೆ. ಬಿಕಾಶನ ಬಳಿ ಕುಸಿದು ಕೂರುತ್ತಾಳೆ. ಇಷ್ಟು ವರ್ಷಗಳ ಬಳಿಕ ಮತ್ತೆ ಹಾಡಬಹುದಾದ ಗಳಿಗೆ ಅದು. ಅವಳು ಹಾಡುವುದಿಲ್ಲ. ದಡದ ಮೇಲಿನ ದನಿ ಅಂಬಿಗನನ್ನು ಕರೆಯುತ್ತಲೇ ಇರುತ್ತದೆ.